ಚಿಕ್ಕಪ್ಪನ ಒಂದೊಂದು ಮಗ್ಗು ನೀರು

ಸೋಯಾ ಸಂಶೋಧನಾ ಕೇಂದ್ರದಲ್ಲಿ ಚಿಕ್ಕಪ್ಪನಿಗೆ ಕಾವಲು ಕೆಲಸ ಕೊಡಿಸಿದವಳು ನಾನೇ. ಇನ್ನು ಯಾರನ್ನು ಬೈಯಲಿ? "ಏನೂ ಮಾಡಬೇಡಿ ಚಿಕ್ಕಪ್ಪ, ಸುಮ್ಮನೆ ನೋಡ್ಕೊಂಡಿರಿ" ಅಂದಿದ್ದೆ. ಸುಮ್ಮನಿರೋದು ಆ ಮನುಷ್ಯನ ಜಾಯಮಾನದಲ್ಲೇ ಇಲ್ಲ.

ನಮ್ಮದು ನಾಲ್ಕು ಕೇಂದ್ರಗಳು ಕೂಡಿ ಮಾಡುವ ಕೆಲಸ. ಬೀಜ ಹಂಚಿಕೊಂಡು ಅವೇ ಅರವತ್ತು ತಳಿಗಳನ್ನು ನಾಲ್ಕೂ ಕಡೆ ಬಿತ್ತುತ್ತೇವೆ. ಮೇಲೆ ಪ್ಲಾಸ್ಟಿಕ್ ಚಾವಣಿ, ಮಳೆ ಬಂದರೂ ಒಂದು ಹನಿ ಒಳಗೆ ಬೀಳಬಾರದು. ಹೂ ಬಿಟ್ಟ ಮೇಲೆ ಮೂವತ್ತು ದಿನ ನೀರು ಬಂದ್. ಯಾವುದು ಬಾಡುತ್ತೆ, ಯಾವುದು ತಡ್ಕೊಳ್ಳುತ್ತೆ ನೋಡಿ ಅಂಕ ಹಾಕಬೇಕು. ನಲವತ್ತೊಂದನೆಯದು ನನ್ನ ತಳಿ, ಒಂಬತ್ತು ವರ್ಷದ ಬೆವರು. ಉಳಿದವಕ್ಕೆ ಮುಂದಿನ ವರ್ಷವೂ ಇದೆ, ನನ್ನದಕ್ಕೆ ಇದೇ ಕೊನೇ ಅವಕಾಶ. ಒಂದು ಕೇಂದ್ರದ ಅಂಕ ತಪ್ಪಿದರೂ ಪಟ್ಟಿಯಿಂದ ಹೊರಗೆ.

ಇಪ್ಪತ್ತೆರಡನೇ ದಿನ ಮಧ್ಯಾಹ್ನ ಹೋಗಿ ನೋಡಿದರೆ, ಬಾಡಿ ಬೀಳಬೇಕಾದ ಗಿಡಗಳು ಈಗಷ್ಟೇ ಸ್ನಾನ ಮುಗಿಸಿ ಬಂದವರ ಹಾಗೆ ನಿಂತಿವೆ. ಮಣ್ಣಿಗೆ ಬೆರಳು ಹಾಕಿದೆ. ತೇವ.

"ಚಿಕ್ಕಪ್ಪ, ನೀರು ಹಾಕಿದ್ರಾ?"

ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಒಂದೊಂದು ಮಗ್ಗು ಅಷ್ಟೇ ಕಣೇ. ನಾಲ್ಕು ದಿನದಿಂದ. ತಲೆ ಜೋತುಹಾಕ್ಕೊಂಡು ನಿಂತಿದ್ವು, ಹೊಟ್ಟೆ ಚುರ್ ಅಂತು."

"ಬಾಡಲಿ ಅಂತಾನೇ ಬೆಳೆಸಿರೋದು ಚಿಕ್ಕಪ್ಪ."

"ಬಾಡಲಿ ಅಂತ ಯಾರಾದ್ರೂ ಗಿಡ ಬೆಳೆಸ್ತಾರೇನೇ?" ಅಂದರು, ನನಗೇ ತಲೆ ಕೆಟ್ಟಿದೆ ಅನ್ನುವ ಹಾಗೆ.

ಚಿಕ್ಕಪ್ಪ ಅನ್ನೋ ಗೌರವ ಇಲ್ಲದಿದ್ದರೆ ಅವತ್ತು ಏನೇನು ಅಂದುಬಿಡುತ್ತಿದ್ದೆನೋ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ನಿಜ. ಆದರೆ ನಮ್ಮನ್ನು ನಂಬಿ ಬೀಜ ಕಳಿಸಿದವರಿಗೆ ಸುಳ್ಳು ಅಂಕ ಕಳಿಸೋದು ಉಂಡ ಮನೆಗೆ ಎರಡು ಬಗೆದ ಹಾಗೆ. ನಾಲ್ಕೂ ಕೇಂದ್ರಗಳ ಅಂಕ ಕೂಡಿಸುವ ಹಿರಿಯ ಮೇಡಂಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ.

ಅವರು, "ನೀರು ಕಂಡಿದ್ದನ್ನೆಲ್ಲ ಬಿಟ್ಟುಬಿಡಿ. ಕಾಣದೇ ಇರೋದು ಏನಾದ್ರೂ ಇದ್ರೆ ಅದರ ಅಂಕ ನಡೆಯುತ್ತೆ. ಮೀಟರ್ ಹಾಕಿ ನೋಡಿ" ಅಂದರು.

ತೇವ ಅಳೆಯುವ ಮೀಟರ್ ಹಿಡಿದು ಒಂದನೇ ತಳಿಯ ಸಾಲಿಂದ ಶುರು ಮಾಡಿದೆ. ಒದ್ದೆ. ಒದ್ದೆ. ಮೂವತ್ತರವರೆಗೂ ಅದೇ ಕಥೆ, ನಲವತ್ತೂ ಒದ್ದೆ. ನಲವತ್ತೊಂದಕ್ಕೆ ಬಂದೆ. ಚುಚ್ಚಿದೆ. ಒಣ. ಇನ್ನೆರಡು ಕಡೆ ಚುಚ್ಚಿದೆ. ಒಣಗಿದ ಮಣ್ಣು, ಮೇಲೆ ಅಗಲ ಎಲೆ ಬಿಟ್ಟುಕೊಂಡು ಹಸಿರಾಗಿ ನಿಂತ ಗಿಡ.

"ಇದಕ್ಕೆ ಹಾಕಲಿಲ್ವಾ ಚಿಕ್ಕಪ್ಪ?"

"ಇದಕ್ಯಾಕೆ? ಇದು ಒಂದಿನಾನೂ ತಲೆ ತಗ್ಗಿಸಲಿಲ್ಲ. ಇರೋದೊಂದು ಬಕೆಟ್ಟು, ಕೇಳದೇ ಇರೋರಿಗೆಲ್ಲ ಎಲ್ಲಿಂದ ತರಲಿ?"

ಅಬ್ಬಾ, ಬದುಕಿದೆ ಅನ್ನಿಸಿತು. ಬದುವಿನ ಮೇಲೆ ಕುಸಿದು ಕೂತೆ, ಅಳು ತಡೆಯೋಕೇ ಆಗಲಿಲ್ಲ. ಚಿಕ್ಕಪ್ಪ ಗಾಬರಿಯಾಗಿ ಪಕ್ಕದಲ್ಲಿ ಕೂತು ಬೆನ್ನು ಸವರಿದರು.

"ಅಳಬೇಡ ಮಗಳೇ. ನಾಳೆಯಿಂದ ಇದಕ್ಕೂ ಒಂದು ಮಗ್ಗು ಹಾಕ್ತೀನಿ ಬಿಡು."

ಮಗ್ಗು, ಬಕೆಟ್ಟು ಎರಡನ್ನೂ ಕಿತ್ತುಕೊಂಡು ಆಫೀಸಿನ ಕಪಾಟಿನಲ್ಲಿಟ್ಟು ಬೀಗ ಹಾಕಿ, ಆಮೇಲೇ ಹಿರಿಯ ಮೇಡಂಗೆ ಫೋನ್ ಮಾಡಿದೆ.