ಮಾವನ ಹಿಂದಿನ ಗಾಡಿ

"ಗಾಡ್ಯಾಗ ಏನೂ ದೋಷ ಇಲ್ರಿ ಅಕ್ಕಾರ. ದೋಷ ಇದ್ರ ಮ್ಯಾಲ ಕುಂತವರದ್ದಿರಬೇಕು," ಎಂದು ಮೆಕ್ಯಾನಿಕ್ ರೆಹಮಾನ ಕೈ ಒರೆಸಿದ ಬಟ್ಟೆಯನ್ನು ಹೆಗಲಿಗೆ ಎಸೆದುಕೊಂಡ. "ಎರಡೂ ಗಾಡಿ ನಾನ ಹೊಡದು ನೋಡೀನಿ. ನಮ್ಮ ಅಜ್ಜಿ ಕುಂತ್ರೂ ಮೂರನೇದಕ್ಕ ಬರ್ತಾಳ."

"ಇವರೂ ಮೂರನೇದಕ್ಕ ಬಂದಾರಲ್ಲೋ," ಎಂದಳು ಶೈಲಜಾ.

"ಅದನ್ನ ಹೇಳಾಕತ್ತೀನ್ರಿ ನಾನೂ."

ಶೈಲಜಾ ಸಿದ್ದಾಪುರದ ಅಕ್ಕಿ ಗಿರಣಿಯ ಗೋವಿಂದರಾಜರ ಮಗಳು. 'ಸೋನಾಮಸೂರಿ ರೈಡರ್ಸ್' ಎಂಬ ಹೊಸ ತಂಡ ಕಟ್ಟಿದವಳೂ ಅವಳೇ, ಮ್ಯಾನೇಜರೂ ಅವಳೇ. ಮಣ್ಣಿನ ಟ್ರ್ಯಾಕಿನ ಬೈಕ್ ಲೀಗಿಗೆ ಈ ತಂಡ ಕಾಲಿಟ್ಟಿದ್ದು ಈ ವರ್ಷ. ಒಂದು ಓಟಕ್ಕೆ ನಾಲ್ಕು ಗಾಡಿ, ತಂಡಕ್ಕೆ ಎರಡರಂತೆ. ಗಾಡಿಗೆ ಬ್ರೇಕೇ ಇಲ್ಲ. ಎಡಗಾಲು ನೆಲಕ್ಕೆ ಊರಿ, ಹಿಂದಿನ ಗಾಲಿ ಜಾರಿಸುತ್ತ, ನಾಲ್ಕು ಸುತ್ತು ಹೊಡೆಯಬೇಕು. ಮೊದಲು ಬಂದವನಿಗೆ ಮೂರು ಅಂಕ, ಆಮೇಲೆ ಎರಡು, ಒಂದು; ಕೊನೆಯವನಿಗೆ ಬರೀ ಧೂಳು.

ಕುಷ್ಟಗಿಯಲ್ಲಿ ಸೋತಾಗ ಎಲ್ಲರೂ ಸೇರಿ ಅಲ್ಲಿಯ ಕೆಂಪು ಮಣ್ಣನ್ನು ಬೈದರು. ಯಲಬುರ್ಗಾದಲ್ಲಿ ಸೋತಾಗ ಬೈಯಲಿಕ್ಕೆ ಮಣ್ಣೂ ಸಿಗಲಿಲ್ಲ. ಅದು ತಮ್ಮೂರಿನಂಥದ್ದೇ ಎರೆ ನೆಲ. ಹೊಸ ತಂಡ ಮೊದಲ ಮೂರೂ ಪಂದ್ಯ ಸೋತರೆ ಲೀಗಿನಿಂದ ಹೊರಗೆ. ಮೂರನೆಯದು ಈ ಭಾನುವಾರ, ಸಿದ್ದಾಪುರದಲ್ಲೇ, ಕೊಪ್ಪಳದವರ ಮೇಲೆ. ಭತ್ತ ಕೊಯ್ದ ಗದ್ದೆಯಲ್ಲಿ ಟ್ರ್ಯಾಕ್ ಮಾಡಲು ಜಾಗ ಕೊಟ್ಟ ಅಪ್ಪ ಮೊದಲೇ ಹೇಳಿಬಿಟ್ಟಿದ್ದರು: "ನೋಡವಾ, ಲೀಗಿನ್ಯಾಗ ಇರೂತನಕ ಗದ್ದಿ ನಿಂದು. ಹೊರಗ ಬಿದ್ರಿ ಅಂದ್ರ ಮರುದಿನನ ಕಾಲುವಿ ನೀರು ಬಿಡ್ತೀನಿ. ಸಸಿ ಕಾಯಾಕತ್ತಾವು."

ಒಂದು ಪಂದ್ಯಕ್ಕೆ ಹಲವು ಓಟ; ತಂಡದ ಎರಡು ಜೋಡಿಗಳು ಸರದಿಯಂತೆ ಇಳಿಯಬೇಕು. ಒಂದು ಜೋಡಿ ಚೆನ್ನಾಗಿಯೇ ಓಡಿಸುತ್ತಿತ್ತು. ಮುಳುಗಿಸುತ್ತಿದ್ದದ್ದು ದುರುಗೇಶ–ಅಮರಪ್ಪನ ಜೋಡಿ. ಇಬ್ಬರೂ ಕಾರಟಗಿಯ ಕಡೆಯವರು, ಭತ್ತ ಕೊಯ್ಯುವ ಯಂತ್ರ ಓಡಿಸುವವರು. ದುರುಗೇಶನ ಅಕ್ಕನ ಗಂಡನೇ ಅಮರಪ್ಪ. ಒಂದೇ ಮನೆಯವರಾದರೆ ಒಬ್ಬರ ಮಾತು ಒಬ್ಬರು ಕೇಳುತ್ತಾರೆ ಎಂದು ಅವರಿಬ್ಬರನ್ನು ಜೋಡಿ ಮಾಡಿದವಳು ಶೈಲಜಾಳೇ. ಒಬ್ಬೊಬ್ಬರನ್ನೇ ಬಿಟ್ಟು ನೋಡಿದರೆ ತಂಡದಲ್ಲಿ ಅವರನ್ನು ಹಿಡಿಯುವವರಿಲ್ಲ. ಈಗ ಜೋಡಿ ಬದಲಿಸೋಣವೆಂದರೆ ಲೀಗಿನ ನಿಯಮ ಬಿಡುವುದಿಲ್ಲ.

ರೆಹಮಾನನ ಮೊಬೈಲಿನಲ್ಲಿ ಯಲಬುರ್ಗಾದ ಓಟವನ್ನು ಅವಳು ಮತ್ತೆ ಮತ್ತೆ ನೋಡಿದಳು. ಕೊನೆಗೆ ಕಣ್ಣಿಗೆ ಬಿತ್ತು. ದುರುಗೇಶ ಗಾಳಿಯ ಹಾಗೆ ಬರುತ್ತಾನೆ, ಅಮರಪ್ಪನ ಹಿಂದಿನ ಗಾಲಿಯ ಹತ್ತಿರ ಬಂದದ್ದೇ ಆಕ್ಸಿಲರೇಟರ್ ಬಿಡುತ್ತಾನೆ. ಅತ್ತ ಅಮರಪ್ಪ ತಿರುತಿರುಗಿ ಹಿಂದೆ ನೋಡುತ್ತಾನೆ.

ದುರುಗೇಶನನ್ನು ಕರೆದು ಕೇಳಿದಳು. "ಗಾಡಿ ಯಾಕ ಇಳಿಸಿದ್ಯೋ?"

"ಮುಂದ ಮಾವಾರ ಇದ್ರಲ್ರಿ."

"ಇದ್ರ?"

"ಇದ್ರ ಅಂದ್ರ ಹೆಂಗ್ರಿ! ಅಕ್ಕನ ಗಂಡ ಅವರು. ನಮ್ಮನ್ಯಾಗ ಅವರದ್ದು ಊಟ ಆದ ಮ್ಯಾಲನ ನಮಗ ತಾಟು. ಕುಷ್ಟಗ್ಯಾಗ ಅವರ ಕಡಿ ಮಂದಿ ಕ್ರೂಸರ್ ತುಂಬಿ ಬಂದು ಎದುರಿಗೇ ಕುಂತಿದ್ರು. ಅವರ ಕಣ್ಣ ಮುಂದ ಮಾವಾರನ್ನ ಹಿಂದ ಹಾಕಿದ್ರ ಏನಂದಾರು?"

"ಅದು ಊಟ, ಇದು ರೇಸ್ ಐತೋ!"

"ಮಾವಾರು ಎರಡಕ್ಕೂ ಅವರ ಅಲ್ರಿ?"

ಆಮೇಲೆ ಅಮರಪ್ಪ ಸಿಕ್ಕ. "ಹಿಂದ ತಿರುಗಿ ಯಾರನ್ನ ನೋಡ್ತಿದ್ರಿ?"

"ದುರುಗೇಶ ಬಂದ್ನೋ ಇಲ್ಲೋ ಅಂತ್ರಿ," ಎಂದ ಅಮರಪ್ಪ, ತುಸು ಅಳುಕುತ್ತ. "ಯಾಕೋ ಹುಡುಗ ಹಿಂದ ಬೀಳಾಕತ್ತಾನ. ನನ್ನ ಹೆಂಡ್ತಿಗೆ ಒಬ್ಬಾವ ತಮ್ಮ. ಅವನ್ನ ಬಿಟ್ಟು ನಾ ಗೆದ್ದು ಮನಿಗೆ ಹೋದ್ರ ನನಗ ರೊಟ್ಟಿ ಯಾರು ಬಡೀತಾರ್ರಿ? ಅದಕ್ಕ ಸ್ವಲ್ಪ ಸಾವಕಾಶ ಹೊಡದು ಕಾಯ್ತೀನಿ."

ಶೈಲಜಾ ತಲೆಗೆ ಕೈ ಹಚ್ಚಿದಳು. "ಅಂವಾ ನಿಮ್ಮ ಸಲುವಾಗಿ ನಿಲ್ತಾನ, ನೀವು ಅವನ ಸಲುವಾಗಿ ನಿಲ್ತೀರಿ. ಕೊಪ್ಪಳದವರು ಯಾರ ಸಲುವಾಗಿ ನಿಲ್ತಾರ್ರಿ?"

ದುರುಗೇಶನನ್ನೂ ಕರೆಸಿ, ಯಾರೂ ಯಾರಿಗೂ ಕಾಯಬಾರದು ಎಂದು ಹೇಳಿದಳು. ಇಬ್ಬರೂ ಆಗಲಿ ಎಂದು ತಲೆಯಾಡಿಸಿದರು. ಆದರೆ ಮರುದಿನದ ಅಭ್ಯಾಸದಲ್ಲಿ ಒಪ್ಪಿದ್ದು ತಲೆ ಮಾತ್ರ, ಕೈ ಅಲ್ಲ ಎಂಬುದು ತಿಳಿಯಿತು. ಮತ್ತೆ ಅದೇ ಮೆರವಣಿಗೆ. ಶೈಲಜಾ ಸ್ಕೂಟಿ ಏರಿ ನೇರ ಶರಣಬಸಮ್ಮನ ಮನೆಗೆ ಹೋದಳು. ಒಬ್ಬನ ಅಕ್ಕ, ಇನ್ನೊಬ್ಬನ ಹೆಂಡತಿ; ಇನ್ಯಾರ ಹತ್ತಿರ ಹೋಗಬೇಕು?

ಶರಣಬಸಮ್ಮ ಕೇಳುತ್ತ ಕೇಳುತ್ತ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ, "ಐತವಾರ ನಾ ಬರ್ತೀನವಾ," ಎಂದಳು. "ನೀ ಒಂದು ಕೊಡ ನೀರು ತುಂಬಿ ಇಟ್ಟಿರು, ಸಾಕು."

ಭಾನುವಾರ ಗದ್ದೆಯ ಬದುವಿನ ತುಂಬ ಜನ. ಕೊನೆಯ ಓಟಕ್ಕೆ ಬರುವ ಹೊತ್ತಿಗೆ ಸೋನಾಮಸೂರಿ ತಂಡ ಮೂರು ಅಂಕ ಹಿಂದಿತ್ತು. ಗೆಲ್ಲಬೇಕಾದರೆ ಮೊದಲ ಎರಡೂ ಸ್ಥಾನ ತಮಗೇ ಬೇಕು. ಗಾಡಿ ಏರಿದ್ದವರು ಮಾವ ಮತ್ತು ಅವನ ಹೆಂಡತಿಯ ತಮ್ಮ.

ಶರಣಬಸಮ್ಮ ಕೊಡದಲ್ಲಿ ಗುಲಾಬಿ ಬಣ್ಣ ಕಲಸಿಕೊಂಡು ಬಂದವಳೇ ಅರ್ಧ ಗಂಡನ ಮೇಲೆ, ಅರ್ಧ ತಮ್ಮನ ಮೇಲೆ ಸುರಿದಳು.

"ಏ, ಏನ ಮಾಡ್ತಿ!" ಅಮರಪ್ಪ ಕೂಗಿದ.

"ಓಕುಳಿ!" ಎಂದಳು. "ಇನ್ನ ಜಳಕ ಆಗೂತನಕ ಮಾವನೂ ಇಲ್ಲ, ಯಾರೂ ಇಲ್ಲ. ನಮ್ಮ ಮದುವಿ ಮರುದಿನ ಓಕುಳ್ಯಾಗ ಇದ ದುರುಗೇಶ ನಿಮ್ಮನ್ನ ಕೆಸರಾಗ ಹೊರಳಾಡಿಸಿದ್ದ. ಮರತ್ರೇನು?"

ಅಲ್ಲಿದ್ದವರೆಲ್ಲ ಹೋ ಎಂದರು. ಓಕುಳಿಯಲ್ಲಿ ಎರಡೂ ಮನೆಯವರು ಹಿರಿಯ ಕಿರಿಯ ನೋಡದೆ ಒಬ್ಬರನ್ನೊಬ್ಬರು ತೋಯಿಸುವುದು, ಅದಕ್ಕೆ ಯಾರೂ ಸಿಟ್ಟಾಗದಿರುವುದು ಎಲ್ಲರಿಗೂ ಗೊತ್ತಿದ್ದದ್ದೇ.

"ಮರತಿಲ್ಲ," ಎಂದ ಅಮರಪ್ಪ, ಮುಖದ ಬಣ್ಣ ಒರೆಸಿಕೊಳ್ಳುತ್ತ.

"ನಾನೂ ಮರತಿಲ್ರಿ," ಎಂದು ದುರುಗೇಶ ಕಿಸಕ್ಕನೆ ನಕ್ಕ.

"ಇಬ್ಬರಾಗ ಯಾರು ಹಿಂದ ಉಳೀತಾರ, ಇವತ್ತು ರೊಟ್ಟಿ ಅವರ ಬಡೀಬೇಕು!" ಎಂದಳು ಶರಣಬಸಮ್ಮ.

ಬಾವುಟ ಬಿತ್ತು. ಮೊದಲ ತಿರುವಿನಲ್ಲಿ ಕೊಪ್ಪಳದ ಗಾಡಿ ಮುಂದಿತ್ತು. ಎರಡನೇ ಸುತ್ತಿನಲ್ಲಿ ಅಮರಪ್ಪ ಒಳಗಿನಿಂದ ನುಗ್ಗಿ ಅದನ್ನು ದಾಟಿದ. ಹಿಂದೆಯೇ ದುರುಗೇಶ ಹೊರಗಿನಿಂದ ಮಣ್ಣು ಚಿಮ್ಮಿಸುತ್ತ ಬಂದ. ಶೈಲಜಾ ಉಸಿರು ಬಿಗಿಹಿಡಿದಳು. ಈಗ ಬಿಡುತ್ತಾನೆ, ಈಗ ಕೈ ಬಿಡುತ್ತಾನೆ... ಬಿಡಲಿಲ್ಲ! ಮಾವನ ಪಕ್ಕಕ್ಕೆ ಬಂದು, ಮುಖಕ್ಕೆ ಒಂದು ಬುಟ್ಟಿ ಮಣ್ಣು ಎರಚಿ, ಮುಂದೆ ಹೋದ.

"ಲೇ ದುರುಗ್ಯಾ!" ಎಂದು ಅಮರಪ್ಪ ಕೂಗಿದ್ದು ಇಂಜಿನಿನ ಸದ್ದನ್ನೂ ಮೀರಿ ಬದುವಿನವರೆಗೆ ಕೇಳಿಸಿತು. ಮುಂದಿನ ತಿರುವಿನಲ್ಲಿ ಅವನೂ ಅಷ್ಟೇ ಮಣ್ಣು ತಿರುಗಿ ಕೊಟ್ಟ. ಇಬ್ಬರೂ ಒಬ್ಬರನ್ನೊಬ್ಬರು ಹಿಂದೆ ಹಾಕುವ ಗದ್ದಲದಲ್ಲಿ ಕೊಪ್ಪಳದವರು ಇದ್ದಾರೆ ಎಂಬುದನ್ನೇ ಮರೆತರು. ಕೊಪ್ಪಳದವರು ಅರ್ಧ ಟ್ರ್ಯಾಕು ಹಿಂದೆ ಉಳಿದಿದ್ದರು. ಗೆರೆ ದಾಟುವಾಗ ದುರುಗೇಶನ ಗಾಲಿ ಒಂದು ಮೊಳ ಮುಂದಿತ್ತು.

ಒಂದೇ ಅಂಕದ ಗೆಲುವು. ಶೈಲಜಾಳಿಗೆ ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು. ಗೋವಿಂದರಾಜರು ಟವಲ್ ಕೊಡವಿ, "ಆತು ಬಿಡವಾ, ಸಸಿ ಆಚಿ ಗದ್ದಿಗೆ ಹಚ್ಚಿಸ್ತೀನಿ," ಎಂದರು.

ಇಬ್ಬರೂ ಗಿರಣಿಯ ಹಿಂದಿನ ತೊಟ್ಟಿಯಲ್ಲಿ ಜಳಕ ಮಾಡಿ, ತಲೆ ಬಾಚಿಕೊಂಡು ಊಟಕ್ಕೆ ಹೊರಟರು. ಹಿತ್ತಿಲ ಗೇಟಿನ ಹತ್ತಿರ ಬಂದು ನಿಂತುಬಿಟ್ಟರು.

"ನೀವು ನಡೀರಿ ಮಾವಾರ."

"ಏ, ಗೆದ್ದಾವ ನೀನು. ನೀ ನಡಿ."

"ಛೇ ಛೇ, ನೀವು ಇರೂವಾಗ..."

"ನಡ್ಯೋ ತಮ್ಮಾ, ನಿಮ್ಮಕ್ಕ ನೋಡಾಕತ್ತಾಳ."

ಅಷ್ಟರಲ್ಲಿ ಕಾಲುವೆಯ ಕಡೆಯಿಂದ ಬಂದ ಎಮ್ಮೆಯೊಂದು ಇಬ್ಬರ ನಡುವೆ ತೂರಿ, ಬಾಲ ಬೀಸಿ ಅವರ ಒಗೆದ ಅಂಗಿಗಳ ಮೇಲೆ ಕೆಸರು ಸಿಡಿಸಿ, ಗೇಟು ದಾಟಿ ಮುಂದೆ ಹೋಯಿತು.