ನಾಳೆ ಮಾಸ್ಟರ್ ಮತ್ತು ಕರೆಂಟ್ ಬಿಲ್ಲು

ಆ ಬೀದಿಯ ಟೈಲರನ್ನು ಎಲ್ಲರೂ ಕರೆಯುವುದು 'ನಾಳೆ ಮಾಸ್ಟರ್' ಎಂದೇ. ಬಟ್ಟೆ ಕೇಳಲು ಯಾರೇ ಬರಲಿ, ಮೆಷಿನ್ನಿನಿಂದ ತಲೆ ಎತ್ತದೆ "ನಾಳೆ ಬನ್ನಿ" ಅನ್ನುವುದು ಅವನ ರೂಢಿ. ಈ ಚಾಳಿ ಈಚೆಗೆ ದುಡ್ಡಿಗೂ ಅಂಟಿಕೊಂಡಿತ್ತು. ಖಾತೆಯಲ್ಲಿರುವ ಹಣಕ್ಕೆ ಗಳಿಗೆಗಳಿಗೆಗೂ ಬಡ್ಡಿ ಸೇರುತ್ತಿರುತ್ತದೆ, ತಡವಾಗಿ ಕಾರ್ಡ್ ಉಜ್ಜಿದಷ್ಟೂ ಲಾಭ ಎಂದು ಅದ್ಯಾವ ಪುಣ್ಯಾತ್ಮ ಹೇಳಿದ್ದನೋ. ಬೆಳಗ್ಗೆ ದಾರದಂಗಡಿಯಲ್ಲಿ ಉಂಡೆ ಆರಿಸಿಟ್ಟು ಬಂದು, ಸಂಜೆ ಮತ್ತೆ ಅದೇ ಅಂಗಡಿಗೆ ನಡೆದು ಡೆಬಿಟ್ ಕಾರ್ಡ್ ಉಜ್ಜುತ್ತಿದ್ದ.

"ರೀ, ಕರೆಂಟ್ ಬಿಲ್ಲಿಗೆ ಇವತ್ತೇ ಕೊನೇ ದಿನ. ಫೋನಲ್ಲೇ ಕಾರ್ಡ್ ನಂಬರ್ ಹಾಕಿ ಕಟ್ಟಿಬಿಡಿ," ಎಂದಳು ಹೆಂಡತಿ.

"ಇರೇ, ದುಡ್ಡು ಬೆಳೀತಾ ಇದೆ. ನಾಳೆ ನೋಡೋಣ."

ನಾಳೆ ನಾಳೆ ಎನ್ನುತ್ತ ವಾರಗಳೇ ಉರುಳಿದವು. ಒಂದು ಬೆಳಗ್ಗೆ ಲೈನ್‌ಮನ್ ಬಂದು ಫ್ಯೂಸ್ ಕಿತ್ತುಕೊಂಡು ಹೋದ. ಮೆಷಿನ್ ನಿಂತೇಹೋಯಿತು, ಸೂಜಿಯ ಕೆಳಗೆ ಅರ್ಧ ಹೊಲಿದ ತೋಳು. ಮೇಜಿನ ಮೇಲೆ ಶಾಲೆಯ ಸಮವಸ್ತ್ರಗಳ ರಾಶಿ. ಸಂಜೆಯೊಳಗೆ ಕೊಡದಿದ್ದರೆ ಮುಂದಿನ ವರ್ಷದ ಆರ್ಡರ್ ಬೇರೆಯವರ ಪಾಲು ಎಂದು ಹೆಡ್‌ಮೇಷ್ಟ್ರು ಖಡಾಖಂಡಿತವಾಗಿ ಹೇಳಿದ್ದರು. ಮಾಸ್ಟರ್ ಇಂಗು ತಿಂದ ಮಂಗನಂತೆ ಕೂತ.

ಅದೇ ಹೊತ್ತಿಗೆ ಅವನ ಅಣ್ಣನ ಹೆಂಡತಿ ತನ್ನ ಕೋಟು ಕೇಳಲು ಬಂದಳು. ಬ್ಯಾಂಕಿನ ಕೌಂಟರಿನಲ್ಲಿ ಕೆಲಸ ಅವಳಿಗೆ, ಅವತ್ತು ರಜೆ ಹಾಕಿದ್ದಳು. ಕಥೆ ಕೇಳಿ ನಗು ತಡೆಯಲಾರದೆ ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಅಲ್ಲಯ್ಯಾ, ನಮ್ಮ ಬ್ಯಾಂಕಲ್ಲಿ ಬಡ್ಡಿ ಲೆಕ್ಕ ಹಾಕೋದು ದಿನದ ಕೊನೇಲಿ ಖಾತೇಲಿ ಎಷ್ಟು ಉಳಿದಿದೆ ಅಂತ ನೋಡಿ. ನೀನು ಬೆಳಗ್ಗೆ ಉಜ್ಜಿದ್ರೂ ಅಷ್ಟೇ, ಸಂಜೆ ಉಜ್ಜಿದ್ರೂ ಅಷ್ಟೇ."

"ಹಾಗಾದ್ರೆ ನಾನು ಅಂಗಡಿಗೆ ಎರಡೆರಡು ಸಲ ನಡೆದಿದ್ದು?"

"ಚಪ್ಪಲಿ ಮಾರೋನಿಗೆ ಲಾಭ."

ಮಾಸ್ಟರ್ ಅಷ್ಟು ಸುಲಭಕ್ಕೆ ಸೋಲುವವನಲ್ಲ. "ದಿನಗಟ್ಟಲೆ ತಡ ಮಾಡಿದ್ರೆ ಬಡ್ಡಿ ಬರುತ್ತಲ್ಲ ಅತ್ತಿಗೆ?"

"ಬರುತ್ತೆ. ಈ ಬಿಲ್ಲಿನ ದುಡ್ಡಿಗೆ ಬಂದಿರೋ ಬಡ್ಡೀಲಿ ಒಂದು ಅಂಗಿಗುಂಡಿ ಕೊಳ್ಳಬಹುದೇನೋ. ದಂಡ, ಮತ್ತೆ ಲೈನ್ ಹಾಕಿಸೋ ಖರ್ಚು ಸೇರಿದ್ರೆ ಇಡೀ ಅಂಗೀನೇ ಹೋಯ್ತು. ಕೊನೇ ದಿನದವರೆಗೂ ಬೇಕಾದ್ರೆ ಬಡ್ಡಿ ತಿನ್ನು, ಯಾರು ಬೇಡ ಅಂದ್ರು? ಆ ದಿನ ಮಾತ್ರ ದಾಟಬೇಡ."

ಹೆಂಡತಿ ಬಿಲ್ಲನ್ನು ಗಂಡನ ಮೂಗಿನ ಮುಂದೆ ಹಿಡಿದಳು. ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಕಾರ್ಡ್ ತೆಗೆದು, ದಂಡವನ್ನೂ ಸೇರಿಸಿ ಅಲ್ಲೇ ಫೋನಿನಲ್ಲಿ ಕಟ್ಟಿದ. ಮಧ್ಯಾಹ್ನಕ್ಕೆ ಕರೆಂಟ್ ಬಂತು. ಊಟವನ್ನೂ ಬಿಟ್ಟು ಗಂಡ ಹೊಲಿದ, ಹೆಂಡತಿ ಗುಂಡಿ ಹಾಕಿದಳು, ಅತ್ತಿಗೆ ಇಸ್ತ್ರಿ ಹಿಡಿದಳು. ಸಂಜೆ ಶಾಲೆಯ ಜವಾನ ಬರುವಷ್ಟರಲ್ಲಿ ಗಂಟು ಕಟ್ಟಿ ಬಾಗಿಲಲ್ಲಿಟ್ಟಾಗಿತ್ತು.

"ಇನ್ನು ನನ್ನ ಕೋಟು?" ಎಂದಳು ಅತ್ತಿಗೆ.

"ನಾ..." ಎಂದ ಮಾಸ್ಟರ್, ಹೆಂಡತಿಯ ಮುಖ ನೋಡಿ ಕತ್ತರಿ ಕೈಗೆತ್ತಿಕೊಂಡ. "ಕೂತ್ಕೊಳ್ಳಿ ಅತ್ತಿಗೆ. ಇವತ್ತೇ."

ನಿಮ್ಮ ಮನೆಯಲ್ಲೂ ಯಾವುದೋ ಡಬ್ಬಿಯ ಕೆಳಗೆ ಒಂದು ಬಿಲ್ಲು ಮಲಗಿದ್ದೀತು. ಎಬ್ಬಿಸಿ, ಕೊನೆಯ ದಿನ ಯಾವತ್ತೆಂದು ನೋಡಿ, ಅದರೊಳಗೆ ಕಟ್ಟಿಬಿಡಿ. ನಿಮ್ಮ ಖಾತೆಗೆ ಬಡ್ಡಿ ಹೇಗೆ ಸೇರುತ್ತದೆಂದು ಬ್ಯಾಂಕಿಗೇ ಹೋಗಿ ಕೇಳಿ. ಕೇಳುವುದಕ್ಕೆ ದುಡ್ಡು ಕೊಡಬೇಕಿಲ್ಲ, ಮಾಸ್ಟರ್ ಕೊಟ್ಟದ್ದು ಕೇಳದೇ ಇದ್ದುದಕ್ಕೆ.