ಓದದೆ ಒತ್ತಿದ ‘ವೈ’

ಆ ರಕ್ತಪರೀಕ್ಷಾ ಪ್ರಯೋಗಾಲಯದಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ ಅವರು. ಆದರೆ ಪ್ರಿಂಟರ್ ಆನ್ ಆಗುತ್ತಿಲ್ಲ ಎಂದು ಯಾರಾದರೂ ಬಂದರೆ ಸಾಕು, ವಿದ್ಯುತ್ ಎಂದರೇನು ಎಂಬಲ್ಲಿಂದ ಶುರುವಿಟ್ಟುಕೊಳ್ಳುತ್ತಿದ್ದರು. ಸಡಿಲವಾದ ವೈರನ್ನು ಒತ್ತಿ ಕೂರಿಸುವ ಹೊತ್ತಿಗೆ ಬಂದವರ ಊಟದ ಬಿಡುವು ಮುಗಿದಿರುತ್ತಿತ್ತು. ಹಾಗಂತ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಇಪ್ಪತ್ತು ವರ್ಷದಲ್ಲಿ, ಅಲ್ಲಿನ ಕಂಪ್ಯೂಟರುಗಳನ್ನೆಲ್ಲ ನಡೆಸುವ ಅವರ ಸರ್ವರ್ ಒಂದು ದಿನವೂ ಕೈ ಕೊಟ್ಟಿರಲಿಲ್ಲ.

ಆ ಸರ್ವರ್ ಓಡುತ್ತಿದ್ದುದು ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯಲ್ಲಿ. ಲಿನಕ್ಸಿನಲ್ಲಿ ಒಂದೊಂದು ತಂತ್ರಾಂಶವೂ ಒಂದೊಂದು ಪ್ಯಾಕೇಜು. ಅದು ಒಂಟಿಯಾಗಿ ಬರುವುದು ಕಡಿಮೆ. ಊಟಕ್ಕೆ ಒಬ್ಬರನ್ನು ಕರೆದರೆ ಮನೆಮಂದಿಯೆಲ್ಲ ಬಂದು ಕೂತ ಹಾಗೆ, ತನಗೆ ಬೇಕಾದ ಇನ್ನೈದಾರನ್ನು ಜೊತೆಗೆ ಕರೆತರುತ್ತದೆ. ತೆಗೆಯಲು ಹೊರಟಾಗಲೂ, ಹೊಸ ಆವೃತ್ತಿಗೆ ಅಪ್ಡೇಟ್ ಮಾಡುವಾಗಲೂ ಅದೇ ಕಥೆ. ಆದ್ದರಿಂದ ಯಂತ್ರ ಮೊದಲೊಂದು ಪಟ್ಟಿ ತೋರಿಸಿ, ಇಷ್ಟನ್ನೂ ತೆಗೆಯಲೇ ಎಂದು ಕೇಳುತ್ತದೆ. ಹೌದಾದರೆ ‘ವೈ’ ಒತ್ತಬೇಕು, ಬೇಡವಾದರೆ ‘ಎನ್’. ಮೇಷ್ಟ್ರ ಕೋಣೆಯಲ್ಲಿ ಒಂದು ಕಟ್ಟಳೆ ಇತ್ತು. ‘ವೈ’ ಒತ್ತುವ ಮೊದಲು ಪಟ್ಟಿಯ ಪ್ರತಿ ಹೆಸರನ್ನೂ ಬಾಯಿಬಿಟ್ಟು ಓದಬೇಕು. ಪಟ್ಟಿಯಲ್ಲಿ ಮೂರು ಹೆಸರಿರಲಿ, ಮುನ್ನೂರಿರಲಿ, ಬಿಡುವಂತಿಲ್ಲ.

ಈ ಕಟ್ಟಳೆಯನ್ನು ಅಕ್ಷರಶಃ ಪಾಲಿಸುತ್ತಿದ್ದವಳು ಸೂಜಿಯಕ್ಕ. ಹದಿನೈದು ವರ್ಷ ಹೊರಗಿನ ಕೌಂಟರಿನಲ್ಲಿ ಕೂತು ರಕ್ತ ತೆಗೆದವಳು, ಅದಕ್ಕೇ ಆ ಹೆಸರು. ಚುಚ್ಚಿದ್ದೇ ತಿಳಿಯುವುದಿಲ್ಲ ಎಂದು ಜನ ಅವಳ ಸಾಲಿನಲ್ಲೇ ನಿಲ್ಲುತ್ತಿದ್ದರು. ಬಗ್ಗಿ ಬಗ್ಗಿ ಸೊಂಟ ಹಿಡಿದುಹೋದ ಮೇಲೆ, ಸಂಜೆ ತರಗತಿಗೆ ಹೋಗಿ ಕಂಪ್ಯೂಟರ್ ಕಲಿತು, ನಲವತ್ತರ ವಯಸ್ಸಿನಲ್ಲಿ ಮೇಷ್ಟ್ರ ಮುಂದೆ ಬಂದು ನಿಂತಿದ್ದಳು. ಮೇಷ್ಟ್ರೇ ದೊಡ್ಡ ಡಾಕ್ಟ್ರ ಹತ್ತಿರ ಹೋಗಿ ಅವಳ ಪರ ಮಾತಾಡಿದ್ದರು. ಆರು ತಿಂಗಳು ನೋಡೋಣ, ಸರಿಹೋಗದಿದ್ದರೆ ವಾಪಸ್ ಕೌಂಟರಿಗೆ ಎಂದು ಡಾಕ್ಟ್ರು ಒಪ್ಪಿದ್ದರು. ಆ ಆರು ತಿಂಗಳು ಮುಗಿಯಲು ಇನ್ನು ಒಂಬತ್ತೇ ದಿನ ಉಳಿದಿದ್ದವು.

ಆವತ್ತು ಬೆಳಿಗ್ಗೆ ಏಳೂಕಾಲಿಗೆ ಮೇಷ್ಟ್ರು ಬಂದು ಕೂತರು. ಡಿಸ್ಕ್ ತುಂಬುತ್ತ ಬಂದಿದೆ ಎಂಬ ಎಚ್ಚರಿಕೆ ತೆರೆಯ ಮೇಲಿತ್ತು. ಅಷ್ಟರಲ್ಲಿ ಫೋನ್ ಬಂತು. ಬೇರೊಂದು ಪ್ರಯೋಗಾಲಯದಲ್ಲಿ ಇದೇ ಕೆಲಸ ಮಾಡುವ ಒಬ್ಬಾತ ಏನೋ ಅಳಿಸಿ ಹಾಕಿಕೊಂಡು ಗೋಳಾಡುತ್ತಿದ್ದ. ಮೇಷ್ಟ್ರಿಗೆ ಹುರುಪು ಬಂತು. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, “ನೋಡಪ್ಪಾ, ಅದು ಕೇಳೋದು ಯಾಕೆ? ನೀನು ಓದ್ಲಿ ಅಂತ. ಓದದೆ ವೈ ಒತ್ತೋನು ಈ ಕೆಲಸಕ್ಕೆ ಲಾಯಕ್ಕಲ್ಲ,” ಎನ್ನುತ್ತಲೇ, ಬೇಡದ ಪ್ಯಾಕೇಜುಗಳನ್ನೆಲ್ಲ ತಾನೇ ಹುಡುಕಿ ತೆಗೆಯುವ ಆದೇಶವನ್ನು ಟೈಪ್ ಮಾಡಿದರು. ಪಟ್ಟಿ ಬಂತು, ಯಂತ್ರ ಕೇಳಿತು, ಮೇಷ್ಟ್ರ ಬೆರಳು ‘ವೈ’ ಒತ್ತಿತು. ಬಾಯಿ ಮಾತ್ರ ಇನ್ನೂ ಉಪದೇಶದಲ್ಲೇ ಇತ್ತು.

ಐದು ನಿಮಿಷಕ್ಕೆ ಕೌಂಟರಿನಿಂದ ಕೂಗು ಬಂತು. ಲೇಬಲ್ ಪ್ರಿಂಟ್ ಆಗುತ್ತಿಲ್ಲ. ರಕ್ತದ ಪ್ರತಿ ಕೊಳವೆಗೂ ಹೆಸರು, ಸಂಖ್ಯೆ ಇರುವ ಲೇಬಲ್ ಅಂಟಿಸದೆ ಒಳಗೆ ಕಳಿಸುವ ಹಾಗಿಲ್ಲ. ಮೇಷ್ಟ್ರು ತೆರೆಯತ್ತ ತಿರುಗಿ, ಆಗಷ್ಟೇ ಮೇಲೆ ಸರಿದುಹೋಗಿದ್ದ ಪಟ್ಟಿಯನ್ನು ಕೆಳಗೆಳೆದು ಓದಿದರು. ಹದಿನಾರನೆಯ ಹೆಸರಿಗೆ ಬಂದು ನಿಂತರು. ಲೇಬಲ್ ತಂತ್ರಾಂಶವನ್ನು ಎಷ್ಟೋ ವರ್ಷದ ಹಿಂದೆ ಹೊರಗಿನವರು ಬರೆದುಕೊಟ್ಟಿದ್ದರು. ಅದು ಪ್ಯಾಕೇಜುಗಳ ಲೆಕ್ಕಕ್ಕೇ ಸೇರಿರಲಿಲ್ಲ. ಅದಕ್ಕೆ ಆಸರೆಯಾಗಿದ್ದ ಈ ಹಳೆಯ ಪ್ಯಾಕೇಜು ಯಾರಿಗೂ ಬೇಡದ್ದೆಂದು ತಿಳಿದು ಯಂತ್ರ ಅದನ್ನು ತೆಗೆದಿತ್ತು. ಓದಿದ್ದರೆ ಗೊತ್ತಾಗುತ್ತಿತ್ತು. ಈ ಪ್ರಯೋಗಾಲಯದಲ್ಲಿ ಅದನ್ನು ತೆಗೆಯಬಾರದೆಂದು ಎಲ್ಲರಿಗೂ ಹೇಳಿಕೊಟ್ಟವರು ಅವರೇ.

ಕೌಂಟರಿನವರು ಕಾಯಲಿಲ್ಲ. ಹೊರಗೆ ಹಸಿದ ಹೊಟ್ಟೆಯ ಜನ ಸಾಲುಗಟ್ಟಿದ್ದರು. ಪೆನ್ನಿನಲ್ಲೇ ಹೆಸರು ಬರೆದು ಕೊಳವೆಗಳನ್ನು ಐಸ್ ತುಂಬಿದ ತಟ್ಟೆಗೆ ಇಡತೊಡಗಿದರು. ನೀರು ತಗುಲಿ ಶಾಯಿ ಹರಿಯಿತು. ಅದು ಕಣ್ಣಿಗೆ ಬೀಳುವಷ್ಟರಲ್ಲಿ ಹನ್ನೊಂದು ಕೊಳವೆಗಳು ಯಾರದೆಂದು ಯಾರಿಗೂ ಗೊತ್ತಿಲ್ಲದ ಹಾಗಾಗಿದ್ದವು.

ದೊಡ್ಡ ಡಾಕ್ಟ್ರು ಬಿರಬಿರನೆ ಸರ್ವರ್ ಕೋಣೆಗೆ ಬಂದರು. ಪ್ರಯೋಗಾಲಯದ ಮುಖ್ಯಸ್ಥೆ ಆಕೆ. ಗಟ್ಟಿಯಾಗಿ ಮಾತಾಡುವವರಲ್ಲ. ಮಾತು ತಗ್ಗಿದಷ್ಟೂ ಸಿಟ್ಟು ಹೆಚ್ಚಿದೆ ಎಂದು ಅರ್ಥ. “ಮೇಷ್ಟ್ರೇ, ಯಾರು ಏನು ಮುಟ್ಟಿದ್ರಿ?” ಎಂದು ಪಿಸುದನಿಯಲ್ಲಿ ಕೇಳಿದರು.

ನಾನೇ ಎನ್ನಲು ಬೇಕಾದದ್ದು ಎರಡೇ ಅಕ್ಷರ. ಆದರೆ ಬಾಗಿಲ ಬಳಿ ಕೌಂಟರಿನ ಮೂವರು ನಿಂತು ಮೇಷ್ಟ್ರನ್ನೇ ನೋಡುತ್ತಿದ್ದರು. “ನಿನ್ನೆ ಮಧ್ಯಾಹ್ನ ಒಂದು ಅಪ್ಡೇಟ್ ಆಗಿತ್ತು,” ಎಂದರು ಅವರು. ಅದು ಸುಳ್ಳಲ್ಲ. ಆಗಿತ್ತು.

“ಮಾಡಿದ್ಯಾರು?”

“ನಾನು ಡಾಕ್ಟ್ರೇ,” ಎಂದಳು ಸೂಜಿಯಕ್ಕ. ಆಗಷ್ಟೇ ಬಂದು ಕೈಚೀಲವನ್ನೂ ಕೆಳಗಿಟ್ಟಿರಲಿಲ್ಲ.

ಕೌಂಟರಿನ ಒಬ್ಬಳಿಗೆ ಅನುಮಾನ. “ಬೆಳಿಗ್ಗೆ ಮೊದಲ ಆರು ಲೇಬಲ್ ಸರಿಯಾಗೇ ಬಂತಲ್ಲ?” ಎಂದಳು. ಮೇಷ್ಟ್ರಿಗೆ ಅಲ್ಲೇ ಬಾಯಿಬಿಡಲು ಇನ್ನೊಂದು ಅವಕಾಶವಿತ್ತು. ಅವರು ಬಾಯಿಬಿಟ್ಟದ್ದೂ ನಿಜ. “ಹಾಗಾಗುತ್ತಮ್ಮ. ತೆಗೆದುಹಾಕಿದ್ರೂ ಹಳೇದು ಸ್ವಲ್ಪ ಹೊತ್ತು ಮೆಮೊರಿಯಲ್ಲಿ ಉಳ್ಕೊಂಡಿರುತ್ತೆ. ಆಮೇಲೆ ಕೈ ಕೊಡುತ್ತೆ,” ಎಂದು ಪಾಠ ಹೇಳಿದರು. ಎಲ್ಲರೂ ತಲೆಯಾಡಿಸಿದರು. ಇಪ್ಪತ್ತು ವರ್ಷ ಗಳಿಸಿದ ವಿದ್ಯೆ ಅಂಥ ಹೊತ್ತಿಗೆ ಹೀಗೆ ಉಪಯೋಗಕ್ಕೆ ಬಂತಲ್ಲ ಎಂದು ಅವರಿಗೇ ಹೇಸಿಗೆಯಾಯಿತು.

ತೆಗೆದದ್ದನ್ನು ವಾಪಸ್ ಹಾಕೋಣವೆಂದರೆ ಆ ಹಳೆಯ ಆವೃತ್ತಿ ಈಗ ಪ್ಯಾಕೇಜುಗಳನ್ನು ಇಳಿಸಿಕೊಳ್ಳುವ ಅಂತರ್ಜಾಲದ ಭಂಡಾರದಲ್ಲೇ ಇರಲಿಲ್ಲ. ಹೊಸದನ್ನು ಹಾಕಿದರೆ ಲೇಬಲ್ ತಂತ್ರಾಂಶ ಅದನ್ನು ಒಲ್ಲೆ ಎಂದಿತು. ಬಲವಂತ ಮಾಡಿದರೆ ನನಗೆ ಇಂಥದ್ದು ಬೇಕು, ಅದು ಸಿಗುತ್ತಿಲ್ಲ ಎಂದು ಯಂತ್ರ ಕೆಂಪಕ್ಷರದಲ್ಲಿ ದೂರು ಹೇಳಿತು. ಮುಕ್ಕಾಲು ಗಂಟೆ ಮೇಷ್ಟ್ರು ಬೆವರಿದರು. ಕೊನೆಗೆ ಸೂಜಿಯಕ್ಕ ಮೆಲ್ಲಗೆ, “ಮೇಷ್ಟ್ರೇ, ಹಳೇ ಪ್ಯಾಕೇಜಿನ ಫೈಲು ನನ್ನ ಹತ್ರ ಇದೆ. ಅಪ್ಡೇಟ್ ಮಾಡೋ ಮುಂಚೆ ಎಲ್ಲದರದ್ದೂ ಒಂದು ಕಾಪಿ ಎತ್ತಿಟ್ಟಿದ್ದೆ,” ಎಂದು ಪೆನ್‌ಡ್ರೈವ್ ಚಾಚಿದಳು. ಎರಡು ನಿಮಿಷಕ್ಕೆ ಪ್ರಿಂಟರ್ ಕರಕರ ಎಂದಿತು. ಮೇಷ್ಟ್ರಿಗೆ ಅವಳ ಮುಖ ನೋಡಲಾಗಲಿಲ್ಲ.

“ಕಾಪಿ ಇಟ್ಟಿದ್ದು ಒಳ್ಳೇದಾಯ್ತು. ಆದರೆ ಪಟ್ಟಿ ಪೂರ್ತಿ ಓದಿದ್ದೆ ಮೇಷ್ಟ್ರೇ, ದೇವರಾಣೆಗೂ ಓದಿದ್ದೆ. ಎಲ್ಲಿ ಕಣ್ಣು ತಪ್ತೋ ಗೊತ್ತಾಗ್ತಿಲ್ಲ,” ಎಂದಳು.

“ಆಗುತ್ತಮ್ಮ,” ಎಂದರು ಮೇಷ್ಟ್ರು.

ಹನ್ನೊಂದು ಜನರಿಂದ ಮತ್ತೆ ರಕ್ತ ತೆಗೆಯಬೇಕಾಯಿತು. ನನ್ನಿಂದಾದ ತಪ್ಪು, ನಾನೇ ತೆಗೆಯುತ್ತೇನೆ ಎಂದು ಸೂಜಿಯಕ್ಕ ಹಳೆಯ ಸ್ಟೂಲಿನ ಮೇಲೆ ಹೋಗಿ ಕೂತಳು. ಸರ್ವರ್ ಕೋಣೆಯ ಗಾಜಿನಿಂದ ಎಲ್ಲವೂ ಕಾಣುತ್ತಿತ್ತು. ಒಬ್ಬೊಬ್ಬರಿಗೂ ಕೈಮುಗಿದು ಕ್ಷಮೆ ಕೇಳಿ, ಆಮೇಲೆ ರಟ್ಟೆಗೆ ಪಟ್ಟಿ ಬಿಗಿಯುತ್ತಿದ್ದಳು. ದಿನ ತುಂಬಿದ ಬಸುರಿಯೊಬ್ಬಳು ಸಕ್ಕರೆ ಪರೀಕ್ಷೆಗೆಂದು ಆಗಲೇ ಎರಡು ಸಲ ಚುಚ್ಚಿಸಿಕೊಂಡಿದ್ದಳು. ಇನ್ನು ನಾಳೆ ಉಪವಾಸವಿದ್ದು ಮೊದಲಿಂದ ಬರಬೇಕು ಎಂದಾಗ ಅತ್ತೇಬಿಟ್ಟಳು. ಅವಳ ಗಂಡ ಸೂಜಿಯಕ್ಕನ ಮೇಲೆ ಎಗರಾಡಿದ. “ಮನುಷ್ಯರು ಅನ್ಕೊಂಡಿದ್ದೀರಾ, ಇಲ್ಲ ನಿಮಗೆ ಕಲಿಯೋಕೆ ಸಿಕ್ಕ ಗೊಂಬೆಗಳು ಅನ್ಕೊಂಡಿದ್ದೀರಾ?” ಎಂದು ಅವನು ಕೂಗಿದ್ದು ಗಾಜು ದಾಟಿ ಕೇಳಿಸಿತು. ಅವಳು ತಲೆ ತಗ್ಗಿಸಿ ನಿಂತಿದ್ದಳು. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು ಮೇಷ್ಟ್ರಿಗೆ. ಆದರೂ ಕುರ್ಚಿಯಿಂದ ಏಳಲಿಲ್ಲ.

ಮಧ್ಯಾಹ್ನ ದೊಡ್ಡ ಡಾಕ್ಟ್ರು ಫೋನ್ ಮಾಡಿ, ಏನೇನು ನಡೆಯಿತು ಎಂಬುದರ ಲಾಗ್ ತೆಗೆದು ತಮ್ಮ ಮೇಜಿನ ಮೇಲಿಡಿ ಎಂದರು. ಯಾವ ಪ್ಯಾಕೇಜನ್ನು ಯಾರು, ಎಷ್ಟು ಗಂಟೆಗೆ ಹಾಕಿದರು, ತೆಗೆದರು ಎಂಬುದನ್ನು ಯಂತ್ರ ತಾನೇ ಬರೆದಿಡುವ ಕಡತ ಅದು. ಮೇಷ್ಟ್ರು ತೆರೆದು ನೋಡಿದರು. ಬೆಳಿಗ್ಗೆ ಏಳು ಇಪ್ಪತ್ತೊಂದು, ಆದೇಶ ಕೊಟ್ಟವರು ಯಾರು, ತೆಗೆದ ಹತ್ತೊಂಬತ್ತು ಹೆಸರು ಯಾವುವು, ಎಲ್ಲ ಇತ್ತು. ಹಿಂದಿನ ದಿನದ ಸೂಜಿಯಕ್ಕನ ಅಪ್ಡೇಟಿನಲ್ಲಿ ಒಂದನ್ನೂ ತೆಗೆದಿರಲಿಲ್ಲ.

ಆರು ಸಾಲು ಅಳಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಇದೇ ಸಂಗತಿ ಇನ್ನೆರಡು ಕಡೆ ದಾಖಲಾಗಿರುತ್ತದೆ ಎಂದು ಅವರಿಗೆ ಗೊತ್ತಿತ್ತು. ಅಲ್ಲೂ ಅಳಿಸಿದರು. ಬ್ಯಾಕಪ್ ವಾರಕ್ಕೊಮ್ಮೆ, ಈ ವಾರದ್ದು ಇನ್ನೂ ಆಗಿಲ್ಲ ಎಂಬುದನ್ನೂ ನೋಡಿಕೊಂಡರು. ಬೆಳಗಿನ ಕೆಲಸದಲ್ಲಿ ಇರದಿದ್ದ ಅಚ್ಚುಕಟ್ಟು ಈಗ ಎಲ್ಲಿಂದಲೋ ಬಂದಿತ್ತು. ಮೂರನೆಯದನ್ನು ಅಳಿಸುವಾಗ ಪ್ರತಿ ಸಾಲನ್ನೂ ತುಟಿಯಲ್ಲೇ ಓದುತ್ತಿದ್ದೇನೆ ಎಂದು ಅರಿವಾಯಿತು. ಅಪ್ಡೇಟಿನ ಪುಟವನ್ನಷ್ಟೇ ಪ್ರಿಂಟ್ ಮಾಡಿ ಡಾಕ್ಟ್ರ ಮೇಜಿನ ಮೇಲಿಟ್ಟು ಬಂದರು. ಅದರ ತಾಂತ್ರಿಕ ಸಾಲುಗಳು ಡಾಕ್ಟ್ರಿಗೆ ಅರ್ಥವಾಗುವುದಿಲ್ಲ, ಯಾರ ಹೆಸರಿದೆ ಎಂಬುದು ಮಾತ್ರ ಅರ್ಥವಾಗುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು.

ಸಂಜೆ ಮನೆಯಲ್ಲಿ ಹೆಂಡತಿ ತಟ್ಟೆ ಇಟ್ಟು, “ಯಾಕ್ರೀ, ಮುಖ ಸಪ್ಪಗಿದೆ?” ಎಂದು ಕೇಳಿದರು. ಮೇಷ್ಟ್ರು ಹನ್ನೊಂದು ಕೊಳವೆಗಳ ಕಥೆ ಹೇಳಿದರು, ತಮ್ಮ ಬೆರಳನ್ನು ಮಾತ್ರ ಬಿಟ್ಟು.

“ಅಯ್ಯೋ ಪಾಪ. ಆಕೆ ಸೊಂಟ ನೋವು ಅಂತ ಅಲ್ಲಿಂದ ತಪ್ಪಿಸ್ಕೊಂಡು ಬಂದೋಳು. ನೀವು ಆಕೆ ಪರ ನಾಲ್ಕು ಮಾತಾಡಿದ್ರಿ ತಾನೆ?”

“ಹೂಂ,” ಎಂದರು ಮೇಷ್ಟ್ರು.

“ನನಗೊತ್ತಿತ್ತು. ನಿಮ್ಮ ಪಾಠ ಕೇಳಿ ಕೇಳಿ ತಲೆ ಚಿಟ್ಟು ಹಿಡಿದ್ರೂ ಈ ವಿಷಯದಲ್ಲಿ ನಿಮ್ಮನ್ನ ಮೆಚ್ಚಬೇಕು,” ಎಂದು ಹೆಂಡತಿ ಇನ್ನೊಂದು ಸೌಟು ಬಡಿಸಿದರು. ನಾಳೆ ಬೆಳಿಗ್ಗೆ ಹೋಗಿ ಎಲ್ಲ ಹೇಳಿಬಿಡುತ್ತೇನೆ ಎಂದು ಮೇಷ್ಟ್ರು ಅಲ್ಲೇ, ಎಂಜಲುಗೈಯಲ್ಲೇ ನಿಶ್ಚಯ ಮಾಡಿದರು. ಕೆಲಸ ಹೋದರೆ ಹೋಗಲಿ.

ಮರುದಿನ ಅವರು ಹೋದಾಗ ದೊಡ್ಡ ಡಾಕ್ಟ್ರ ಎದುರು ಸೂಜಿಯಕ್ಕ ನಿಂತಿದ್ದಳು. ಮೇಜಿನ ಮೇಲೆ ಅವಳು ಬರೆದುಕೊಟ್ಟ ತಪ್ಪೊಪ್ಪಿಗೆ ಇತ್ತು. ಮೇಷ್ಟ್ರು ಕೂರಲಿಲ್ಲ. “ಡಾಕ್ಟ್ರೇ, ಈಕೆ ತಪ್ಪಲ್ಲ. ಅದನ್ನ ತೆಗೆದಿದ್ದು ನಾನು. ನಿನ್ನೆ ಬೆಳಿಗ್ಗೆ ಏಳು ಇಪ್ಪತ್ತೊಂದಕ್ಕೆ. ಪಟ್ಟಿ ಓದದೆ ವೈ ಒತ್ತಿದೆ,” ಎಂದರು. ಒಂದೇ ಉಸಿರಿಗೆ ಹೇಳಿ ಮುಗಿಸಿದ ಮೇಲೆ ಎದೆ ಎಷ್ಟೋ ಹಗುರವಾಯಿತು.

ಡಾಕ್ಟ್ರು ನಕ್ಕರು. “ಬರ್ತೀರಿ ಅಂತ ಗೊತ್ತಿತ್ತು ಮೇಷ್ಟ್ರೇ.”

“ಇಲ್ಲ ಡಾಕ್ಟ್ರೇ, ನಿಜವಾಗ್ಲೂ.”

“ಲಾಗ್ ಇಲ್ಲೇ ಇದೆಯಲ್ಲ, ನೀವೇ ಕೊಟ್ಟಿದ್ದು. ನಿನ್ನೆ ಬೆಳಿಗ್ಗೇದು ಒಂದು ಸಾಲೂ ಇಲ್ಲ.”

“ಅಳಿಸಿದೆ. ನಾನೇ ಅಳಿಸಿದೆ. ಮೂರು ಕಡೆ.”

“ನೀವು? ಲಾಗ್ ಅಳಿಸಿದ್ರಿ?” ಡಾಕ್ಟ್ರು ಈ ಸಲ ಬಾಯ್ತುಂಬ ನಕ್ಕರು. “ತೆಗೆದ್ರೂ ಮೆಮೊರಿಯಲ್ಲಿ ಸ್ವಲ್ಪ ಹೊತ್ತು ಉಳಿಯುತ್ತೆ ಅಂತ ಎಲ್ಲರ ಮುಂದೆ ಬಿಡಿಸಿ ಹೇಳಿದ್ದು ಯಾರು? ಈಗ ಈಕೆಗೋಸ್ಕರ ಕಥೆ ಕಟ್ತಿದ್ದೀರಿ. ನಿಮ್ಮ ದೊಡ್ಡ ಮನಸ್ಸು ನನಗೆ ಅರ್ಥ ಆಗುತ್ತೆ. ಆದರೆ ಹನ್ನೊಂದು ಜನಕ್ಕೆ ನಾನು ಉತ್ತರ ಹೇಳಬೇಕು. ಈಕೆ ಸೋಮವಾರದಿಂದ ಕೌಂಟರಿಗೆ ಹೋಗಲಿ.”

ಮೇಷ್ಟ್ರು ಮತ್ತೆ ಹೇಳಿದರು. ದನಿ ಏರಿಸಿ ಹೇಳಿದರು. ಬೇರೆ ಪ್ರಯೋಗಾಲಯದವನ ಫೋನಿನ ವಿಷಯ ಹೇಳಿದರು, ಹದಿನಾರನೆಯ ಹೆಸರು ಹೇಳಿದರು. ಹೇಳಿದಷ್ಟೂ ಡಾಕ್ಟ್ರ ಕಣ್ಣಲ್ಲಿ ಅವರ ಮೇಲಿನ ಗೌರವ ಹೆಚ್ಚುತ್ತಲೇ ಹೋಯಿತು. ನಂಬದಿರುವುದು ಡಾಕ್ಟ್ರಿಗೆ ಅನುಕೂಲವೂ ಆಗಿತ್ತು. ನಂಬಿದರೆ ಮೇಷ್ಟ್ರನ್ನು ಮನೆಗೆ ಕಳಿಸಬೇಕು. ಆಮೇಲೆ ಸರ್ವರ್ ನೋಡಿಕೊಳ್ಳುವವರು ಯಾರು? ತೋರಿಸಲು ಮೇಷ್ಟ್ರ ಬಳಿ ಒಂದು ಸಾಲಿನ ಸಾಕ್ಷಿಯೂ ಇರಲಿಲ್ಲ.

ಹೊರಗೆ ಓಣಿಯಲ್ಲಿ ಸೂಜಿಯಕ್ಕ ಅವರನ್ನು ತಡೆದು ನಿಲ್ಲಿಸಿದಳು. ಕಣ್ಣು ತುಂಬಿತ್ತು. ಅವಳಾದರೂ ನಂಬಲಿ, ಬೇಕಾದರೆ ಮುಖಕ್ಕೆ ಉಗಿಯಲಿ ಎಂದು ಮೇಷ್ಟ್ರು ಅವಳ ಎರಡೂ ಕೈ ಹಿಡಿದುಕೊಂಡರು. “ನೋಡಮ್ಮ, ನಾನು ಹೇಳಿದ್ದು ಸತ್ಯ. ನೀನು ಸರಿಯಾಗೇ ಓದಿದ್ದೆ. ಓದದೇ ಇದ್ದಿದ್ದು ನಾನು.”

ಸೂಜಿಯಕ್ಕ ಕಣ್ಣೊರೆಸಿಕೊಂಡು ನಕ್ಕಳು. “ಇದೊಂದು ವಿದ್ಯೆ ಮಾತ್ರ ನಿಮಗೆ ಬರಲ್ಲ ಮೇಷ್ಟ್ರೇ. ಸುಳ್ಳು ಹೇಳೋಕೆ ಹೋದ್ರೆ ಎಷ್ಟು ಬೆವರ್ತೀರಿ ನೋಡಿ,” ಎಂದು ತನ್ನ ಸೆರಗಿನ ತುದಿಯಿಂದ ಅವರ ಹಣೆ ಒರೆಸಿ, ಕೌಂಟರಿನ ಕಡೆ ನಡೆದಳು.